ಎಡಗಡೆ ಬಿಟ್ಟ ಜಾಗ

ಚಳ್ಳಕೆರೆಯ ಖಾಸಗಿ ಶಾಲೆಯೊಂದರಲ್ಲಿ ಆಶಾ ಡ್ಯಾನ್ಸ್ ಟೀಚರು. ವಾರ್ಷಿಕೋತ್ಸವ ಹತ್ತಿರ ಬಂದಾಗ ಮಾತ್ರ ಆ ಹೆಸರು. ಉಳಿದ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸೀಟಿ ಊದುವ ಕೆಲಸ. ಹುಟ್ಟಿದ್ದು, ಈಗಲೂ ಅವ್ವ ಜುಂಜಮ್ಮನ ಜೊತೆ ಇರುವುದು ದೊಡ್ಡಉಳ್ಳಾರ್ತಿಯಲ್ಲಿ. ಅಪ್ಪ ಓಬಯ್ಯ ಕುರಿ ಹೊಡೆದುಕೊಂಡು ಊರಿನ ಹುಲ್ಲುಗಾವಲಾದ ಕಾವಲಿನ ಉದ್ದಗಲ ತಿರುಗಿದವನು. ಮಗಳು ಕುಣಿಯುತ್ತಾಳೆಂದು ಯಾರಾದರೂ ಆಡಿಕೊಂಡರೆ, "ಕುರಿಮರಿ ಹುಟ್ಟಿದ ಗಳಿಗೇಗೆ ನೆಗೀತೈತೆ, ಅದಕ್ಕೇನಂತೀರಿ?" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಆಡಿಕೊಳ್ಳುವವರೂ ಕಡಿಮೆಯಾದರು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುತ್ತಿದ್ದವರು ಕೂಡ ಕೇಳಿ ಕೇಳಿ ಸುಸ್ತಾಗಿ ಬಿಟ್ಟುಬಿಟ್ಟಿದ್ದರು. ಅವಳಿಗೆ ಮೂವತ್ತೆಂಟು ದಾಟಿತ್ತು.

ಹತ್ತು ವರ್ಷದ ಹಿಂದೆ, ಅಪ್ಪ ಕುರಿ ಮೇಯಿಸಿದ ಆ ಕಾವಲಿನ ಒಂದು ಭಾಗಕ್ಕೆ ಗೋಡೆ ಎದ್ದು, ಒಳಗೆ ಸಂಶೋಧನಾ ಕೇಂದ್ರ, ಕ್ವಾರ್ಟರ್ಸು ಎಲ್ಲ ಬಂದಾಗ ಆಶಾಳಿಗೆ ಅಲ್ಲೊಂದು ಮನೆಪಾಠ ಸಿಕ್ಕಿತು. ತ್ರಿವೇಣಿ ಎಂಬಾಕೆಯ ಮಗಳಿಗೆ ಶನಿವಾರ ಶನಿವಾರ ನೃತ್ಯ ಹೇಳಿಕೊಡುವುದು. ಆ ಮನೆಯ ನಡುಮನೆಯಲ್ಲಿ ಗೋಡೆಗೆ ಒರಗಿಸಿದ ಪಿಯಾನೋ ಇತ್ತು. ತ್ರಿವೇಣಿ ಚಿಕ್ಕಂದಿನಿಂದ ಕಲಿತವರು. ಒಂದು ಸಂಜೆ ಆಶಾ ಚಪ್ಪಲಿ ಮೆಟ್ಟಿಕೊಳ್ಳುತ್ತಿರುವಾಗ ಆಕೆ ನುಡಿಸತೊಡಗಿದರು. ಆಶಾ ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು, ಹಾಗೇ ನಿಂತುಬಿಟ್ಟಳು. ಹೊರಟು ನಿಂತವರು ಹೊಸ್ತಿಲಲ್ಲಿ ಮತ್ತೆ ಮಾತಿಗೆ ತೊಡಗಿದ ಹಾಗಿತ್ತು ಆ ಸಂಗೀತ. ಮುಗಿಯಿತು ಅನ್ನುವಾಗ ಇನ್ನೊಂದು ಸ್ವರ, ಅದರ ಹಿಂದೆ ಇನ್ನೊಂದು.

"ಯಾರ ಹಾಡು ಮೇಡಂ ಇದು?"

"ಹಾಡಲ್ಲ ಆಶಾ. ಯಾರೋ ಪರದೇಶದವನು ಬರೆದದ್ದು, ಅವನು ಸತ್ತು ಎಷ್ಟೋ ಕಾಲ ಆಯಿತು. ಮಾತೇ ಇಲ್ಲ ಇದಕ್ಕೆ."

ಇನ್ನೊಮ್ಮೆ ನುಡಿಸಿರೆಂದು ಕೇಳಿಕೊಂಡು ಆಶಾ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ನಡುವೆ ಅಡುಗೆಮನೆಯ ಕುಕ್ಕರಿನ ಸೀಟಿಯೂ ಸೇರಿಕೊಂಡಿತು.

ಅದೇ ಕಾಲಕ್ಕೆ ಮಾರುತೇಶ ಚಳ್ಳಕೆರೆಯಲ್ಲಿದ್ದ. ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗ. ಮಗ್ಗ ಬೇಡವೆಂದು ಬಂದು, ಹಗಲು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತ, ಸಂಜೆ ಹುಡುಗರ ಡ್ಯಾನ್ಸ್ ಗುಂಪು ಕಟ್ಟಿಕೊಂಡಿದ್ದ. ವಾರ್ಷಿಕೋತ್ಸವಕ್ಕೆ ಕೈಜೋಡಿಸಲು ಶಾಲೆಗೆ ಬಂದವನಿಗೆ ಆಶಾ ಆ ಪಿಯಾನೋ ಕೇಳಿಸಿದಳು. ಅವನು ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಕುಕ್ಕರ್ ಕೂಗೋ ಜಾಗದಾಗೆ ಇಬ್ರೂ ಒಟ್ಟಿಗೆ ಬೀಳಾಣ" ಅಂದ. ಹಾಗೆ ಶುರುವಾಯಿತು. ಭಾನುವಾರಗಳಲ್ಲಿ ಶಾಲೆಯ ತಾರಸಿಯ ಮೇಲೆ ಇಬ್ಬರೇ ಸೇರಿ ಆ ಸಂಗೀತಕ್ಕೆ ಜೋಡಿ ನೃತ್ಯವೊಂದನ್ನು ಕಟ್ಟಿದರು. ಭರತನಾಟ್ಯವೂ ಅಲ್ಲ, ಸಿನಿಮಾ ಕುಣಿತವೂ ಅಲ್ಲ. ಬೀಳುವುದು, ಏಳುವುದು, ಒಬ್ಬರ ಭಾರವನ್ನು ಇನ್ನೊಬ್ಬರು ಹೊರುವುದು. ಅದನ್ನು ಯಾರಿಗೂ ತೋರಿಸಲಿಲ್ಲ. ತೋರಿಸಿದರೆ ಊರು ಅದಕ್ಕೊಂದು ಹೆಸರಿಡುತ್ತಿತ್ತು. ಅವರಿಬ್ಬರೇ ಇನ್ನೂ ಅದಕ್ಕೆ ಹೆಸರಿಟ್ಟಿರಲಿಲ್ಲ.

ಮಾರುತೇಶನ ಅಪ್ಪನಿಗೆ ಲಕ್ವ ಹೊಡೆಯಿತು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು. "ಇದೊಂದ್ ಸೀರೆ ನೇಯ್ದು ಇಳಿಸಿ ಬರ್ತೀನಿ" ಎಂದು ಹೋದವನು ಬರಲಿಲ್ಲ. ಅವನ ಮದುವೆಯ ಕರೆಯೋಲೆ ಬಂತು. ಆಶಾ ಹೋಗಿ, ಅಕ್ಷತೆ ಹಾಕಿ, ಊಟ ಮಾಡಿಕೊಂಡೇ ಬಂದಳು. ತ್ರಿವೇಣಿಯವರೂ ವರ್ಗವಾಗಿ ಹೈದರಾಬಾದಿಗೆ ಹೋದರು. ವರ್ಷಗಳು ಕಳೆದವು.

ಹೋದ ವರ್ಷ ಅಂಜನ್ ಬಂದು ಕೂತ. ಚಳ್ಳಕೆರೆಯಲ್ಲಿ ಮದುವೆ ವಿಡಿಯೋ ತೆಗೆಯುವವನು, ಆಶಾಳ ಹಳೆಯ ವಿದ್ಯಾರ್ಥಿ.

"ಧಾರೆ, ಆರತಕ್ಷತೆ ತೆಗ್ದು ತೆಗ್ದು ಸಾಕಾಗೈತೆ ಟೀಚರ್. ಒಂದ್ ಡ್ಯಾನ್ಸ್ ಫಿಲಂ ಮಾಡಾಣ. ಚಿಕ್ಕದು. ಯಾವ್ದಾದ್ರೂ ಚಿತ್ರೋತ್ಸವಕ್ಕೆ ಕಳ್ಸಾಣ. ನಿಮ್ಮತ್ರ ಏನಾದ್ರೂ ಐತಾ?"

ಆಶಾ ಇಲ್ಲ ಅನ್ನಲು ಬಾಯಿ ತೆರೆದಳು. ಬಂದದ್ದು, "ಐತೆ, ಆದ್ರೆ ಇಬ್ರು ಬೇಕು" ಎಂಬ ಮಾತು.

ಮಾರುತೇಶನಿಗೆ ಫೋನು ಮಾಡಲು ಎರಡು ವಾರ ಧೈರ್ಯ ಕೂಡಿಸಿದಳು. ಆ ಕಡೆ ಮಗ್ಗದ ಸದ್ದು ನಿಂತಿತು. ಆಮೇಲೆ, "ನಿಂಗೆ ಎಲ್ಲಾ ನೆನಪೈತಾ?" ಅಂದ.

"ಐತೆ. ನಿಂಗೆ?"

"ಬರ್ತೀನಿ. ಭಾನುವಾರ ಮೊದಲ್ನೇ ಬಸ್ಸಿಗೆ ಬರ್ತೀನಿ."

ಕುಕ್ಕರಿನ ಸೀಟಿ ಸಿನಿಮಾಕ್ಕೆ ಆಗುವುದಿಲ್ಲವೆಂದು ಅಂಜನ್ ಹಟ ಹಿಡಿದ. ಆಶಾ ಹೈದರಾಬಾದಿಗೆ ಕೇಳಿಕೊಂಡಳು. ತ್ರಿವೇಣಿ ಹೊಸದಾಗಿ ನುಡಿಸಿ ಕಳಿಸಿದರು. ಅದು ಮೊದಲಿಗಿಂತ ನಿಧಾನವಾಗಿತ್ತು. 'ಬೆರಳು ಹಿಂದಿನ ಹಾಗೆ ಓಡುವುದಿಲ್ಲ, ಕ್ಷಮಿಸು' ಎಂದು ಬರೆದಿದ್ದರು. ಆಶಾಳಿಗೆ ಈ ನಿಧಾನವೇ ಹಿಡಿಸಿತು. ಸ್ವರ ಸ್ವರದ ನಡುವೆ ಇನ್ನಷ್ಟು ಜಾಗ ಬಿದ್ದಿತ್ತು. ಆ ವಾರವೆಲ್ಲ ಅವ್ವ ಹೊಲಕ್ಕೆ ಹೋದ ಹೊತ್ತಿನಲ್ಲಿ ಅಂಗಳದಲ್ಲಿ ಒಬ್ಬಳೇ ಅಭ್ಯಾಸ ಮಾಡಿದಳು. ದೇಹ ಏನನ್ನೂ ಮರೆತಿರಲಿಲ್ಲ. ಅವನ ಭುಜ ಎಷ್ಟು ಎತ್ತರಕ್ಕೆ ಬರುತ್ತದೆ ಎಂಬುದು ಅಂಗೈಗೆ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಗೋಡೆಯಿಂದಾಚೆ ಉಳಿದಿದ್ದ ಕಾವಲಿನಲ್ಲಿ ಅಂಜನ್ ಕ್ಯಾಮೆರಾ ಹೂಡಿದ. ಕರಡದ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಮಂಜು ಇನ್ನೂ ಹರಿದಿರಲಿಲ್ಲ. ಬಸ್ಸು ಬಂತು, ಹೋಯಿತು. ಮಾರುತೇಶ ಇಳಿಯಲಿಲ್ಲ. ಅವನ ಫೋನು ರಿಂಗಾಯಿತು, ಅವನು ಎತ್ತಲಿಲ್ಲ. ಮುಂದಿನ ಬಸ್ಸಿಗೂ ಕಾದರು. ಬಿಸಿಲು ಏರತೊಡಗಿತು.

"ಟೀಚರ್, ಬೆಳಕು ಹೋಗ್ತೈತೆ. ಇನ್ನೊಂದ್ ದಿನ ಇಟ್ಕಳಾಣ?"

"ಬೇಡ," ಅಂದಳು ಆಶಾ. "ಒಬ್ಳೇ ಮಾಡ್ತೀನಿ. ಹಾಕು."

ಅಂಜನ್ ಸ್ಪೀಕರ್ ಹಾಕಿದ. ಗಾಳಿಗೆ ಪಿಯಾನೋ ಒಮ್ಮೆ ಹತ್ತಿರ, ಒಮ್ಮೆ ದೂರ ಕೇಳುತ್ತಿತ್ತು. ಆಶಾ ಒಬ್ಬಳ ನೃತ್ಯವನ್ನು ಮಾಡಲಿಲ್ಲ, ಇಬ್ಬರದನ್ನೇ ಮಾಡಿದಳು. ತನ್ನ ಪಾಲಿನ ಚಲನೆ ಮಾತ್ರ ಮಾಡಿ, ಅವನ ಪಾಲಿನದನ್ನು ಹಾಗೇ ಬಿಟ್ಟಳು. ಎಡಕ್ಕೆ ಒರಗಬೇಕಾದಲ್ಲಿ ಒರಗಿದಳು. ಹಿಡಿಯುವವರಿಲ್ಲದೆ ನೆಲಕ್ಕೆ ಬಿದ್ದಳು. ಎದ್ದು ಮತ್ತೆ ಅತ್ತಲೇ ಕೈ ಚಾಚಿದಳು. ಮೊದಲ ಸಲ ಮುಗಿದಾಗ ಅಂಜನ್ ಕ್ಯಾಮೆರಾದಿಂದ ಮುಖ ಎತ್ತಿ ಕೇಳಿದ:

"ಎಡಗಡೆ ಫ್ರೇಮ್ ಪೂರ್ತಿ ಖಾಲಿ ಬರ್ತೈತೆ ಟೀಚರ್. ನಿಮ್ಮನ್ನ ನಡುಮಧ್ಯ ತಗಳ್ಲಾ?"

"ಬೇಡ. ಹಂಗೇ ಬಿಡು."

ಮತ್ತೆ ಮಾಡಿದಳು. ಮತ್ತೂ ಮಾಡಿದಳು. ಮೊಣಕೈ ತರಚಿತು. ಜುಂಜಮ್ಮ ರೊಟ್ಟಿ ಬುತ್ತಿ ಹಿಡಿದು ಯಾವಾಗ ಬಂದಳೋ, ದೂರದ ಜಾಲಿ ಗಿಡದ ಪಕ್ಕ ಸುಮ್ಮನೆ ನಿಂತು ನೋಡುತ್ತಿದ್ದಳು. ಮಗಳು ಬಂದು ನೀರು ಕುಡಿಯುವಾಗ ಸೆರಗಿನಿಂದ ಅವಳ ಬೆನ್ನಿನ ಹುಲ್ಲು ಕೊಡವಿದಳು.

"ಆ ನೇಕಾರರ ಹುಡುಗ ಬರ್ಲಿಲ್ವಾ?" ಎಂದು ಮೆಲ್ಲಗೆ ಕೇಳಿದಳು.

ಆಶಾ ನೀರಿನ ಬಾಟಲಿ ಕೆಳಗಿಟ್ಟಳು. ಇಷ್ಟು ವರ್ಷಗಳಲ್ಲಿ ಅವ್ವ ಒಮ್ಮೆಯೂ ಅವನ ಮಾತೆತ್ತಿರಲಿಲ್ಲ.

"ನಿಂಗೆ ಗೊತ್ತಿತ್ತಾ ಅವ್ವ?"

"ಹೆತ್ತೋಳಿಗೆ ಗೊತ್ತಾಗಲ್ವಾ? ನೀನು ಹೇಳ್ತೀಯ ಅಂತ ಕಾದೆ. ರೊಟ್ಟಿ ತಿನ್ನು, ಆರೋಗ್ತೈತೆ."

ಅಂಜನ್ ವಾರಗಟ್ಟಲೆ ಕೂತು ಚಿತ್ರವನ್ನು ಜೋಡಿಸಿದ. ಹತ್ತು ನಿಮಿಷದ್ದು. ಎರಡು ಚಿತ್ರೋತ್ಸವಗಳಿಂದ ಬೇಡವೆಂದು ಉತ್ತರ ಬಂತು. ಮೂರನೆಯ ಕಡೆ, ಮೈಸೂರಿನಲ್ಲಿ, ಒಂದು ಚಿಕ್ಕ ಸಭಾಂಗಣದಲ್ಲಿ ತೋರಿಸಿದರು. ಆಶಾ ಹಿಂದಿನ ಸಾಲಿನಲ್ಲಿ ಕೂತು ನೋಡಿದಳು. ಪರದೆಯ ಮೇಲೆ ಕಾವಲು ಅಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಅವಳು ಎಣಿಸಿರಲಿಲ್ಲ. ಒಂದಿಷ್ಟು ಚಪ್ಪಾಳೆ ಬಿತ್ತು. ಊರಿಗೆ ಮರಳಿದ ಮೇಲೆ ಶಾಲೆಯಲ್ಲಿ ಶಾಲು ಹೊದಿಸಿದರು.

ಆದರೆ ಅದನ್ನು ನೋಡಬೇಕಾದವನು ನೋಡಿರಲಿಲ್ಲ. ದಸರೆಯ ರಜೆಯಲ್ಲಿ ಆಶಾ ಮೊಳಕಾಲ್ಮೂರಿನ ಬಸ್ಸು ಹತ್ತಿದಳು.

ಮನೆಯ ಬಾಗಿಲು ತೆರೆದಿತ್ತು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮಾರುತೇಶ ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ ವನಜಾಕ್ಷಿ. ಅವನು ಸೀರೆಯ ಒಡಲಿನ ಲಾಳಿ ಎಸೆದರೆ, ಅವಳು ಅಂಚಿನ ಲಾಳಿ ತೂರಿಸಿ ಕೈ ಹಿಂದೆಗೆಯುತ್ತಿದ್ದಳು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅವನ ಭುಜ ಮುಂದಕ್ಕೆ ಬರುವಷ್ಟರಲ್ಲಿ ಅವಳ ಕೈ ಹಿಂದೆ ಸರಿದಿರುತ್ತಿತ್ತು, ಒಂದು ಕೂದಲೆಳೆಯೂ ತಪ್ಪುತ್ತಿರಲಿಲ್ಲ. ಆಶಾ ಹೊಸ್ತಿಲಿನಾಚೆ ನಿಂತು ನೋಡಿದಳು. ಕರೆಯಲು ಮನಸ್ಸಾಗಲಿಲ್ಲ.

ವನಜಾಕ್ಷಿಯೇ ಮೊದಲು ಕಂಡಳು. "ರಾ ಅಕ್ಕ, ಕೂರ್ಚೋ" ಎಂದು ಮನೆಮಾತು ತೆಲುಗಿನಲ್ಲೇ ಕರೆದು ಚಾಪೆ ಹಾಸಿದಳು. ಆಶಾ ಫೋನಿನಲ್ಲಿ ಚಿತ್ರ ಹಾಕಿದಳು, ಮೂವರೂ ಅದರ ಸುತ್ತ ಕೂತರು. ಪಿಯಾನೋ ಶುರುವಾಯಿತು. ಮಾರುತೇಶ ಕಣ್ಣು ಕೀಳದೆ ನೋಡಿದ. ಅವನ ಎಡ ಮೊಣಕಾಲು ಆ ಲಯಕ್ಕೆ ಒಮ್ಮೆ ಮಿಸುಕಿತು. ಅಂಗೈಯಿಂದ ಅದನ್ನು ಒತ್ತಿಕೊಂಡ. ಮುಗಿದಾಗ ವನಜಾಕ್ಷಿ, "ಎಷ್ಟ್ ಚೆನ್ನಾಗ್ ಐತೆ ಅಕ್ಕ, ಆದ್ರೆ ಅಳು ಬಂದಂಗಾಗ್ತೈತೆ" ಅಂದು, ಕಾಫಿಗೆ ಹಾಲು ತರುತ್ತೇನೆಂದು ಎದ್ದು ಹೋದಳು.

"ಕೊನೇ ತಿರುವಿನಾಗೆ ನೀನು ಕಾಯ್ಲಿಲ್ಲ," ಅಂದ ಮಾರುತೇಶ. "ನಾನು ಇನ್ನೂ ನಿನ್ನ ಬೆನ್ನ ಹಿಂದ್ಲಿಂದ ಬರ್ತಾ ಇರ್ತೀನಿ ಅಲ್ಲಿ."

"ಹೂಂ. ಅವಸರ ಆಯ್ತು."

ಅವನು ಫೋನನ್ನು ಚಾಪೆಯ ಮೇಲೆ ಜೋಪಾನವಾಗಿ ಇಟ್ಟ.

"ಅವತ್ತು ಚಳ್ಳಕೆರೆವರ್ಗೂ ಬಂದಿದ್ದೆ ಆಶಾ. ಬಸ್ ಸ್ಟ್ಯಾಂಡಿನ ಹೋಟ್ಲಾಗೆ ಕೈ ತೊಳೀವಾಗ ಕನ್ನಡಿ ನೋಡ್ದೆ. ಬೆನ್ನು ಬಾಗೈತೆ, ಹೊಟ್ಟೆ ಬಂದೈತೆ. ನೀನು ಕರ್ದಿದ್ದು ಇವನನ್ನಲ್ಲ ಅನ್ನಿಸ್ತು. ಬಂದ ಬಸ್ಸಿಗೇ ವಾಪಸ್ ಹತ್ತಿದೆ."

"ನಾನೂ ಅವತ್ತಿನೋಳಲ್ಲ ಕಣೋ," ಅಂದಳು ಆಶಾ. ಇನ್ನೂ ಏನೋ ಹೇಳುವುದಿತ್ತು. ಅಷ್ಟರಲ್ಲಿ ವನಜಾಕ್ಷಿ ಹಾಲಿನೊಂದಿಗೆ ಬಂದಳು.

ಕಾಫಿ ಕುಡಿದು, ಕುಂಕುಮ ಇಟ್ಟುಕೊಂಡು ಹೊರಟಾಗ ಮಾರುತೇಶ ಬಾಗಿಲವರೆಗೆ ಬಂದ. ಬರ್ತೀನಿ ಅಂದಳು, ಹೂಂ ಅಂದ. ನಿಲ್ದಾಣಕ್ಕೆ ಅವಳು ಮುಟ್ಟುವುದಕ್ಕೂ ಚಳ್ಳಕೆರೆಯ ಬಸ್ಸು ಬರುವುದಕ್ಕೂ ಸರಿಹೋಯಿತು. ಜನ ಹತ್ತಿದರು, ಕಂಡಕ್ಟರ್ ಅವಳ ಮುಖ ನೋಡಿ ಕರೆದ. ಆಶಾ ತಲೆಯಾಡಿಸಿ ಕಲ್ಲುಬೆಂಚಿನ ಮೇಲೆ ಕೂತಳು. ಈ ಸಲ ಅವಸರ ಬೇಡ, ಆಮೇಲಿನ ಬಸ್ಸಿಗೆ ಹೋದರಾಯಿತು ಅನ್ನಿಸಿತು.