ಕೂಸಿನ ಮುಂದೆ ಯಾರೂ ತಿನ್ನುವಂತಿಲ್ಲ

ಮಗಳಿಗೆ ಅನ್ನ ಮುಟ್ಟಿಸುವ ವಿಷಯದಲ್ಲಿ ನ್ಯಾಮತಿಯ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿದ್ದವು. ನನ್ನ ಅತ್ತೆ ಐದನೇ ತಿಂಗಳು ಎಂದರು. ಹೆಣ್ಣು ಕೂಸಿಗೆ ಬೆಸ ತಿಂಗಳಲ್ಲೇ ಆಗಬೇಕೆಂಬುದು ಅವರ ಮನೆತನದ ಪದ್ಧತಿ. ಹೊನ್ನಾಳಿಯ ಮಕ್ಕಳ ಡಾಕ್ಟರು ಆರು ತಿಂಗಳು ತುಂಬುವ ತನಕ ತಾಯಿಹಾಲು ಬಿಟ್ಟು ನೀರೂ ಬೇಡ ಎಂದಿದ್ದರು. ನಾನು ಡಾಕ್ಟರ ಪಕ್ಷ. ಜಗಳೂರಿನ ನನ್ನ ತಾಯಿ ಫೋನಿನಲ್ಲಿ ಇಬ್ಬರಿಗೂ "ಹೌದೌದು" ಎನ್ನುತ್ತಿದ್ದುದರಿಂದ ಅವರ ಹೇಳಿಕೆಯನ್ನು ಯಾರೂ ಪರಿಗಣಿಸಲಿಲ್ಲ.

ನನಗೆ ಇದು ಬರೀ ಪದ್ಧತಿಯ ಪ್ರಶ್ನೆಯಾಗಿರಲಿಲ್ಲ. ನಾನು ಹೊನ್ನಾಳಿಯಲ್ಲಿ ಪತ್ರಿಕೆಯೊಂದರ ವರದಿಗಾರ್ತಿ. ಮಗಳಿಗೆ ಆರು ತುಂಬಿದ ಮೇಲೆ ನನ್ನ ರಜೆಯಲ್ಲಿ ಉಳಿಯುತ್ತಿದ್ದದ್ದು ಒಂದು ವಾರ. ಅಷ್ಟರಲ್ಲಿ ಅವಳು ಅತ್ತೆಯ ಕೈಯಿಂದ ಉಣ್ಣುವುದನ್ನು ಕಲಿಯಬೇಕಿತ್ತು. ಹಿಂಡಿಟ್ಟ ಎದೆಹಾಲನ್ನು ಚಮಚದಲ್ಲಾಗಲಿ ಲೋಟದಲ್ಲಾಗಲಿ ಅವಳು ಮುಟ್ಟಿರಲಿಲ್ಲ. ಉಣ್ಣದಿದ್ದರೆ ನಾನು ಮನೆಯಲ್ಲೇ ಉಳಿಯಬೇಕು. ನನ್ನ ಜಾಗಕ್ಕೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಸಂಪಾದಕರು ಬಹಳ ಸೌಜನ್ಯದಿಂದ ಹೇಳಿದ್ದರು.

"ಅತ್ತೆ, ಆರು ತುಂಬಿದ ಮರುದಿನ ಏಳಕ್ಕೆ ಬೀಳ್ತೈತಲ್ಲ. ಏಳೂ ಬೆಸನೇ," ಎಂದೆ ನಾನು ಒಂದು ಮಧ್ಯಾಹ್ನ.

ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದರು. ಲೆಕ್ಕ ಸರಿಯಿತ್ತು, ಅದೇ ಅವರಿಗೆ ಬೇಸರ. "ಅಲ್ಲೀಗಂಟ ಆ ಕೂಸು ಎಲ್ಲಾರ ಬಾಯಿ ನೋಡ್ಕಂತ ಕೂರಬೇಕೇನವ್ವಾ?"

ನೋಡುವುದು ನಿಜವಾಗಿತ್ತು. ಸಂಜೆ ಮಾವ ಮಂಡಕ್ಕಿ ತಿನ್ನಲು ಕೂತರೆ ಮಗಳ ಕಣ್ಣು ಅವರ ಕೈಯ ಜೊತೆ ತಟ್ಟೆಗಿಳಿದು, ಕೈಯ ಜೊತೆಗೇ ಬಾಯಿಯ ತನಕ ಏರಿ, ಅಲ್ಲಿ ನಿಲ್ಲುತ್ತಿತ್ತು. ಜೊಲ್ಲು ಇಳಿಯುತ್ತಿತ್ತು.

"ಕೂಸು ಆಸೆಪಟ್ಟು ನೋಡಿದ್ರೆ ತಿಂದೋರಿಗೆ ಹೊಟ್ಟೆನೋವು ಬರ್ತೈತೆ," ಎಂದರು ಅತ್ತೆ. "ಆತು, ಆರು ತುಂಬೋ ತನಕ ಕಾಯಾನ. ಆದ್ರೆ ಕೂಸಿನ ಮುಂದೆ ಯಾರೂ ತಿನ್ನಂಗಿಲ್ಲ. ಒಂದು ಕಾಳೂ ತಿನ್ನಂಗಿಲ್ಲ."

ನಾನು ಒಪ್ಪಿದೆ. ಒಪ್ಪಂದ ಅಂದೇ ಜಾರಿಗೆ ಬಂತು.

ಅಂದಿನಿಂದ ನಮ್ಮ ಮನೆಯಲ್ಲಿ ಊಟ ಗುಟ್ಟಿನ ವ್ಯವಹಾರವಾಯಿತು. ನಾನು ಹಿತ್ತಲ ಬಾಗಿಲಲ್ಲಿ ನಿಂತು ಉಣ್ಣುತ್ತಿದ್ದೆ. ಅತ್ತೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ರೊಟ್ಟಿ ಮುರಿಯುತ್ತಿದ್ದರು. ನನ್ನ ಗಂಡ ಸ್ನಾನದ ಮನೆಯಿಂದ ಬಾಳೆಹಣ್ಣಿನ ಸಿಪ್ಪೆ ಹಿಡಿದು ಹೊರಬಂದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಕಷ್ಟವಾದದ್ದು ಮಾವನಿಗೆ. ಮಂಡಕ್ಕಿಗೆ ಸದ್ದಿದೆ. ಯಾವ ಕೋಣೆಯಲ್ಲಿ ಕೂತು ತಿಂದರೂ ಮಗಳ ಕತ್ತು ಆ ಕಡೆಗೇ ತಿರುಗುತ್ತಿತ್ತು. ಕೊನೆಗೆ ಅತ್ತೆ ಅವರನ್ನು, ಅವರ ಮಂಡಕ್ಕಿ ಮೆಣಸಿನಕಾಯಿ ಬಜ್ಜಿಯ ಸಮೇತ, ಬೀದಿ ಬದಿಯ ಜಗಲಿಗೆ ಕಳಿಸಿದರು.

"ಯಾಕಜ್ಜ, ಹೊರಗೆ ಕುಂತು ತಿಂತಿದ್ದೀಯ?" ಎಂದು ಹೋಗಿಬರುವವರು ಕೇಳುತ್ತಿದ್ದರು.

"ಒಳಗೆ ತಿನ್ನಂಗಿಲ್ಲಪ್ಪ. ಆರ್ಡರ್ ಆಗೈತೆ," ಎನ್ನುತ್ತಿದ್ದರು ಮಾವ.

ಆ ಹೇಳಿಕೆಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕಾರಣವೊಂದು ಬಿಟ್ಟುಹೋಗಿತ್ತು, ಅಷ್ಟೇ. ಸುದ್ದಿ ಹೇಗೆ ಹರಡುತ್ತದೆ ಎಂಬುದು ನನ್ನ ಕಸುಬಿನ ವಿಷಯವಾದರೂ ಇದರ ವೇಗ ನನ್ನನ್ನು ಬೆರಗುಗೊಳಿಸಿತು. ಸಂತೇಬೆನ್ನೂರಿಗೆ ಮದುವೆಯಾಗಿ ಹೋಗಿರುವ ನನ್ನ ನಾದಿನಿ ಒಂದು ದಿನ ತನ್ನ ತಮ್ಮನಿಗೆ, ಅಂದರೆ ನನ್ನ ಗಂಡನಿಗೆ, ಫೋನ್ ಮಾಡಿದಳು. ಫೋನು ಅವನ ಕಿವಿಯಲ್ಲಿದ್ದರೂ ಮಾತು ನಡುಮನೆಗೆಲ್ಲ ಕೇಳಿಸುತ್ತಿತ್ತು.

"ಅಪ್ಪಾಜಿನ್ನ ಹೊರಗೆ ಕೂರಿಸಿ ಉಣ್ಣಾಕೆ ಹಾಕ್ತೀರಂತಲ್ಲೋ? ಬಳೆ ಮಾರೋನು ಸಂತೆಯಾಗೆ ನನಗೆ ಹೇಳ್ತಾನೆ! ನಾಚಿಕೆ ಐತೇನೋ ನಿನಗೆ?"

ನನ್ನ ಗಂಡನಿಗೆ ನಾಚಿಕೆಯಾಯಿತು. ಅಪ್ಪನನ್ನು ಒಳಗೆ ಕರೆಯೋಣವೆಂದರೆ ಅಮ್ಮನ ಭಯ. ಹಾಗಾಗಿ ಅವನು ನಡುದಾರಿಯೊಂದನ್ನು ಹುಡುಕಿದ. ಬಿರುಕು ಬಿಟ್ಟ ಜಗಲಿಗೆ ಹೊಸದಾಗಿ ಸಿಮೆಂಟ್ ಹಾಕಿಸುತ್ತೇನೆ, ಅಪ್ಪ ಆರಾಮಾಗಿ ಕೂರಲಿ ಎಂದ. ಗಾರೆಯವನು "ನಾಳೆ ಬರ್ತೀನಿ" ಎಂದ. ಆಮೇಲೆ ದಿನಾ ಅದನ್ನೇ ಹೇಳುತ್ತ ಬಂದ.

ಅನ್ನ ಮುಟ್ಟಿಸುವ ದಿನ ಬಂತು. ಜಗಳೂರಿನಿಂದ ನನ್ನ ತಾಯಿ ಮೊಳಕೆ ಕಟ್ಟಿದ ರಾಗಿ ಬೀಸಿ, ಕೂಸಿನ ಗಂಜಿಯಾದ ಸರಿ ಕಾಯಿಸಲು ಹಿಟ್ಟು ತಂದಿದ್ದರು. ಅತ್ತೆ ಅಕ್ಕಿ, ಹೆಸರುಬೇಳೆ ಹುರಿದು ಅವರದೇ ಹಿಟ್ಟು ಮಾಡಿಟ್ಟಿದ್ದರು. ಮೊದಲ ತುತ್ತು ಸೋದರಮಾವನದು, ಅಂದರೆ ನನ್ನ ತಮ್ಮನದು. ಅವನು ಬೆಳ್ಳಿ ಬಟ್ಟಲು ತಂದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂತಿದ್ದ.

ನುಣ್ಣಗೆ ಕಿವುಚಿದ ಅನ್ನವನ್ನು ಅವನು ಅವಳ ತುಟಿಗೆ ಮುಟ್ಟಿಸಿದ. ಅವಳು ಬಾಯಿ ಬಿಗಿದಳು. "ಆ ಅನ್ನು ಪುಟ್ಟಿ, ಆ!" ಎಂದು ಅವನು ತನ್ನ ಬಾಯಿ ತೆರೆದ. ಅವನ ಹಿಂದೆ ನನ್ನ ತಾಯಿ ತೆರೆದರು. ಅತ್ತೆ ತೆರೆದರು. ಎರಡೂ ಕಡೆಯ ಹೆಂಗಸರೆಲ್ಲ ತೆರೆದರು. ಮಗಳು ಆ ಖಾಲಿ ಬಾಯಿಗಳನ್ನೆಲ್ಲ ಒಂದೊಂದಾಗಿ ಕುತೂಹಲದಿಂದ ನೋಡಿದಳು. ತನ್ನದನ್ನು ಮಾತ್ರ ತೆರೆಯಲಿಲ್ಲ. ಸಂದಿಯಲ್ಲಿ ಹೇಗೋ ಒಳಸೇರಿದ ಅಗುಳು ಬಿಳಿ ಅಂಗಿಯ ಮೇಲೆ ಬಂತು.

ರಾಗಿ ಸರಿಗೂ ಅದೇ ಗತಿಯಾಯಿತು, ಅಕ್ಕಿ ಸರಿಗೂ ಅದೇ.

"ನಿಮ್ಮ ರಾಗಿ ಒಗರೇನೋ, ಅಕ್ಕಾರೆ," ಎಂದರು ಅತ್ತೆ.

"ನಿಮ್ಮ ಅಕ್ಕಿನೂ ಉಗುಳೈತಲ್ಲ, ಅಕ್ಕಾರೆ," ಎಂದರು ನನ್ನ ತಾಯಿ. ಆರು ತಿಂಗಳಲ್ಲಿ ಅವರು ಕೊಟ್ಟ ಮೊದಲ ಸ್ಪಷ್ಟ ಹೇಳಿಕೆ ಅದು.

ಮುಂದಿನ ದಿನಗಳೂ ಹಾಗೇ ಕಳೆದವು. ಡಾಕ್ಟರಿಗೆ ಫೋನ್ ಮಾಡಿದರೆ, ಬಲವಂತ ಮಾಡಬೇಡಿ, ದಿನಾ ಒಂದೆರಡು ಚಮಚ ತೋರಿಸುತ್ತಿರಿ ಎಂದರು. ಅತ್ತೆ ಹಾಡು ಹೇಳಿ ತೋರಿಸಿದರು, ಗಿಲಕಿ ಆಡಿಸಿ ತೋರಿಸಿದರು, ಬೀದಿಯ ನಾಯಿ ಕರೆದು ತೋರಿಸಿದರು. ಒಂದು ಸಂಜೆ ಬಟ್ಟಲನ್ನು ಕೆಳಗಿಟ್ಟು ನನ್ನ ಕಡೆ ನೋಡದೆ, "ಮೂರು ಮಕ್ಕಳನ್ನ ಈ ಕೈಯಾಗೆ ಸಾಕೀನವ್ವಾ. ನಿನ್ನ ಕೆಲಸ ನನ್ನಿಂದ ಹೋಗಬಾರದು," ಎಂದರು.

ಗಾರೆಯವನು ಬಂದದ್ದು ಶನಿವಾರ. ಸೋಮವಾರ ನಾನು ಕೆಲಸಕ್ಕೆ ಹೋಗಬೇಕಿತ್ತು. ಅವನು ಜಗಲಿಯ ತುಂಬ ಸಿಮೆಂಟ್ ಬಳಿದು, ಆರುವ ತನಕ ಯಾರೂ ಕೂರಬಾರದೆಂದು ಹೇಳಿ ಹೋದ. ಸಂಜೆ ಮಾವ ಮಂಡಕ್ಕಿ ಪೊಟ್ಟಣ ಹಿಡಿದು ಬಂದು ಜಗಲಿ ನೋಡಿದರು, ಬೀದಿ ನೋಡಿದರು. ಆಮೇಲೆ ಒಳಗೆ ಬಂದು, ನಡುಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತರು. ಅತ್ತೆ ತೊಡೆಯ ಮೇಲೆ ಮಗಳನ್ನು ಕೂರಿಸಿಕೊಂಡು ರಾಗಿ ಸರಿ ಹಿಡಿದಿದ್ದರು.

"ಏನ್ರೀ, ಇಲ್ಲೇ ಶುರು ಮಾಡಿದ್ರಾ?"

"ನಾನು ಗೋಡೆ ಮುಂದೆ ತಿಂತಿದ್ದೀನಿ, ಕೂಸಿನ ಮುಂದಲ್ಲ," ಎಂದರು ಮಾವ, ಬೆನ್ನು ತಿರುಗಿಸಿಕೊಂಡೇ.

ಮೊದಲ ಹಿಡಿಯ ಸದ್ದಿಗೆ ಮಗಳು ಹೊರಳಿದಳು. ಎರಡನೆಯದಕ್ಕೆ "ಊಂ" ಎಂದಳು. ಮಾವ ತಡೆಯಲಾರದೆ ತಿರುಗಿ ನೋಡುತ್ತಲೇ ಬಜ್ಜಿ ಕಚ್ಚಿದರು. ಅವಳ ಕಣ್ಣು ಪೊಟ್ಟಣಕ್ಕಿಳಿಯಿತು, ಕೈಯ ಜೊತೆ ಏರಿತು, ಬಾಯಿಯ ಹತ್ತಿರ ನಿಂತಿತು. ಅವಳ ಬಾಯಿ ತಾನಾಗಿ ತೆರೆಯಿತು. ಅತ್ತೆಗೆ ಬೈಯುವುದು ಇನ್ನೂ ಬಾಕಿಯಿತ್ತು, ಆದರೂ ಕೈ ಚುರುಕಾಗಿತ್ತು. ಚಮಚ ಒಳಗೆ ಹೋಯಿತು. ಮಗಳು ನಾಲಿಗೆ ಆಡಿಸಿದಳು, ಯೋಚಿಸಿದಳು, ನುಂಗಿದಳು.

ಎರಡು ತಿಂಗಳಿಂದ ಆ ಕೂಸು ಯಾರೊಬ್ಬರೂ ತಿನ್ನುವುದನ್ನು ಕಂಡಿರಲಿಲ್ಲ. ಚಮಚ ಬಾಯಿಗೇಕೆ ಬರುತ್ತದೆಂದು ಅವಳಿಗೆ ತಿಳಿಯದಂತೆ ನಾವೆಲ್ಲ ಸೇರಿ ಶಿಸ್ತಿನಿಂದ ನೋಡಿಕೊಂಡಿದ್ದೆವು.

"ಇನ್ನೊಂದು ಹಿಡಿ ತಿನ್ರೀ!" ಎಂದರು ಅತ್ತೆ.

"ಆರ್ಡರ್ ಐತಲ್ಲ?"

"ತಿನ್ರೀ ಅಂದ್ನಲ್ಲ!"

ಮಾವ ತಿಂದರು. ಮಗಳು ತಿಂದಳು. ಮಾವ ನಿಲ್ಲಿಸಿದರೆ ಅವಳೂ ನಿಲ್ಲಿಸುತ್ತಿದ್ದಳು. ಭಾನುವಾರ ನಾವೆಲ್ಲರೂ ತಟ್ಟೆ ಹಿಡಿದು ಅವಳ ಸುತ್ತ ಕೂತು ಉಂಡು ನೋಡಿದೆವು, ಆದರೆ ನಮ್ಮ ಊಟಕ್ಕೆ ಅವಳು ಅಷ್ಟಾಗಿ ಬೆಲೆ ಕೊಡಲಿಲ್ಲ. ಅವಳಿಗೆ ಮಾವನೇ ಬೇಕಿತ್ತು, ಸದ್ದು ಮಾಡುವ ಮಂಡಕ್ಕಿಯೇ ಬೇಕಿತ್ತು. ಗಂಟಲಿಗೆ ಸಿಕ್ಕೀತೆಂದು ಅದರ ಒಂದು ಕಾಳೂ ಅವಳ ಕೈಗೆ ಸಿಗದಂತೆ ನೋಡಿಕೊಳ್ಳುವ ಹೊಣೆ ನನ್ನ ಗಂಡನದಾಯಿತು.

ಸೋಮವಾರ ಬೆಳಿಗ್ಗೆ ಹೊನ್ನಾಳಿ ಬಸ್ಸು ಹತ್ತಿದೆ. ಮಧ್ಯಾಹ್ನದ ಹೊತ್ತಿಗೆ ತಾಲ್ಲೂಕು ಕಚೇರಿಯ ಹೊರಗೆ ನಿಂತು ಮನೆಗೆ ಫೋನ್ ಮಾಡಿದೆ.

"ಉಂಡ್ಲಾ ಅತ್ತೆ?"

"ಉಂಡ್ಲವ್ವ. ಬೆಳಿಗ್ಗೆನೂ ಉಂಡ್ಲು, ಈಗಲೂ ಉಂಡ್ಲು. ಬಟ್ಟಲು ಖಾಲಿ."

"ಮಾವ ಎಲ್ಲಿ?"

"ಮಲಗ್ಯಾರೆ. ಬೆಳಿಗ್ಗೆಯಿಂದ ಮಂಡಕ್ಕಿ ತಿಂದು ತಿಂದು ಹೊಟ್ಟೆ ಹಿಡ್ಕಂಡಾರೆ." ಅತ್ತೆಯ ದನಿ ತುಂಬು ತೃಪ್ತಿಯಿಂದ ಕೂಡಿತ್ತು. "ನಾನು ಮೊದಲೇ ಹೇಳಿರ್ಲಿಲ್ಲೇನು, ಕೂಸಿನ ಮುಂದೆ ತಿಂದ್ರೆ ಹೊಟ್ಟೆನೋವು ಬರ್ತೈತೆ ಅಂತ?"