ಹಣೆಗೆ ಮೂರು ಬೆರಳು

ಯಮನೂರಮ್ಮನ ಕೈ ನೋಡಿದವರು ಸುಣ್ಣದ ಭಟ್ಟಿಯಲ್ಲಿ ದುಡಿಯುವವಳು ಅಂದುಕೊಳ್ಳಬೇಕು, ಹಾಗೆ ಬಿರಿದಿದ್ದವು. ಅದು ಸೋಪಿನ ಕೆಲಸ. ಯಲಬುರ್ಗಾದ ಹೊರಗೆ, ಕುಷ್ಟಗಿ ರಸ್ತೆಯ ವೃದ್ಧಾಶ್ರಮದಲ್ಲಿ ಅವಳು ಒಂಬತ್ತು ವರ್ಷಗಳಿಂದ ಆಯಾ. ಹದಿನೆಂಟು ಮುದುಕ ಮುದುಕಿಯರ ಮೈ ತೊಳೆದು, ಹಾಸಿಗೆ ಬದಲಿಸಿ, ಗಂಜಿ ಕುಡಿಸಿ, ಒಂದೊಂದಕ್ಕೂ ಕೈ ತೊಳೆದು ತೊಳೆದು ಚರ್ಮ ಎದ್ದುಹೋಗಿತ್ತು. ಸೊಂಟ ಹಿಡಿದಿತ್ತು, ಕಾಲು ಬಾತಿದ್ದವು. "ಸಾಕಾಗೇತಿ ಶಿವನ" ಅನ್ನದ ದಿನವಿರಲಿಲ್ಲ. ಹಾಗಂತ ಕೆಲಸ ತಪ್ಪಿಸಿದವಳೂ ಅಲ್ಲ.

ಅವಳಿಗೆ ದಣಿವು ಮರೆಯುವ ಹೊತ್ತು ದಿನಕ್ಕೊಂದೇ. ಬೆಳಿಗ್ಗೆ ಎಲ್ಲರ ಜಳಕ ಮುಗಿದ ಮೇಲೆ ವಿಭೂತಿ ಗಟ್ಟಿ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋಗುವುದು. ಗಟ್ಟಿಯ ಮೇಲೆ ಬೆರಳು ಉಜ್ಜಿ ಹಣೆಗೆ ಮೂರು ಗೆರೆ ಎಳೆದು, ರೆಪ್ಪೆಯ ಮೇಲೆ ಉದುರಿದ ಬೂದಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸುತ್ತಿದ್ದಳು. ಕೂಸಿನ ಹಾಗೆ ಕಣ್ಣು ಮುಚ್ಚಿ ಮುಖ ಒಡ್ಡುತ್ತಿದ್ದರು ಎಲ್ಲರೂ.

ಕೊನೆಯ ಹಾಸಿಗೆ ಪಾರಮ್ಮನದು. ಕೌದಿ ಹೊಲಿದು ಬದುಕಿದ ಮುದುಕಿ. ಒಂದು ಕಣ್ಣು ಎಂದೋ ಹೋಗಿತ್ತು. ಉಳಿದದ್ದಕ್ಕೆ ಪೊರೆ ಬಂದು ನಾಲ್ಕು ವರ್ಷ ಸೂಜಿ ಮುಟ್ಟಿರಲಿಲ್ಲ. ಮೊನ್ನೆ ಕೊಪ್ಪಳದಲ್ಲಿ ಪೊರೆ ತೆಗೆಸಿಕೊಂಡು ಬಂದವಳು ಮೊದಲು ಕೇಳಿದ್ದೇ ಸೂಜಿ ದಾರ. ತಾನೇ ಪೋಣಿಸಿ, "ನೋಡಬೇ, ಒಂದ ಸಲಕ್ಕ ಹೋತು!" ಎಂದು ಹುಡುಗಿಯ ಹಾಗೆ ಕೂಗಿದ್ದಳು. ಯಮನೂರಮ್ಮ ಅವತ್ತು ಸುಮ್ಮಸುಮ್ಮನೆ ಅತ್ತುಬಿಟ್ಟಿದ್ದಳು.

ಅದೇ ವಾರ ಆಶ್ರಮದ ಕುಬೇರಪ್ಪಜ್ಜ ಗಂಗಾವತಿಯ ತಮ್ಮನ ಮನೆಯ ಕಾರ್ಯಕ್ಕೆ ಹೋಗಿ ಕಣ್ಣುಬೇನೆ ಹೊತ್ತುಕೊಂಡು ಬಂದ. ಎರಡೂ ಕಣ್ಣು ಕೆಂಡ. ಯಮನೂರಮ್ಮ ಗಾಬರಿಬಿದ್ದಳು. ಅಜ್ಜನ ಹಾಸಿಗೆ ದೂರ ಹಾಕಿದಳು, ಟವೆಲ್ ಬೇರೆ ಮಾಡಿದಳು, ದಿಂಬಿನ ಚೀಲ ಕುದಿಸಿದಳು, ಕೈಗೆ ಗ್ಲೌಸ್ ಹಾಕಿಕೊಂಡೇ ಕಣ್ಣಿಗೆ ಔಷಧಿ ಬಿಟ್ಟಳು. ಪಾರಮ್ಮನ ಹತ್ತಿರ ಯಾರೂ ಸುಳಿಯದಂತೆ ಕಾದಳು. ಆದರೂ ನಾಲ್ಕನೆಯ ದಿನ ಇನ್ನೊಬ್ಬ ಮುದುಕಿ ಅಮರಮ್ಮನ ಕಣ್ಣು ಕೆಂಪಾಯಿತು, ಮರುದಿನ ಇನ್ನಿಬ್ಬರದು. ಎಲ್ಲಿಂದ ಬರುತ್ತಿದೆ ಈ ದರಿದ್ರ? ಅವಳಿಗೆ ನಿದ್ದೆ ಹತ್ತಲಿಲ್ಲ.

ವಾರಕ್ಕೊಮ್ಮೆ ಬರುವ ನರ್ಸ್ ಭವಾನಿ ಅವಳನ್ನು ಎದುರಿಗೆ ಕೂರಿಸಿಕೊಂಡಳು.

"ಯಮನೂರಮ್ಮ, ಮುಂಜಾನಿಂದ ಏನೇನ ಮಾಡ್ತೀರಿ, ಒಂದೂ ಬಿಡದಂಗ ಹೇಳ್ರಿ."

ಅವಳು ಹೇಳಿದಳು. ಒಂದರಲ್ಲೂ ತಪ್ಪಿರಲಿಲ್ಲ. ಭವಾನಿ ಸಾಲು ಹಾಸಿಗೆಗಳತ್ತ ನೋಡಿದಳು. ಕುಬೇರಪ್ಪನೂ ಸೇರಿ ಎಲ್ಲರ ಹಣೆಯ ಮೇಲೂ ಬೆಳ್ಳಗೆ ಮೂರು ಗೆರೆ.

"ಇದನ್ನ ಯಾರ ಹಚ್ಚಿದ್ರು?"

"ನಾನರಿ. ಅದೇನ ಕೆಲಸಾರಿ?"

"ಒಬ್ಬರಿಗೆ ಹಚ್ಚಿ ಇನ್ನೊಬ್ಬರಿಗೆ ಹಚ್ಚೂಮುಂದ ಕೈ ತೊಳಕೊಂಡ್ರಿ?"

"ಇಬತ್ತಿಗೆ ಯಾಕ ಕೈ ತೊಳಿಬೇಕ್ರಿ? ದೇವರದಲ್ಲೇನ್ರಿ ಅದು?" ಎಂದವಳು ತನ್ನ ಹೆಬ್ಬೆರಳನ್ನೇ ನೋಡುತ್ತ ಕೂತುಬಿಟ್ಟಳು. ಅಂದು ಬೆಳಿಗ್ಗೆಯೂ ಕುಬೇರಪ್ಪನ ರೆಪ್ಪೆ ಒರೆಸಿದ ಹೆಬ್ಬೆರಳು ಕಡೆಗೆ ಪಾರಮ್ಮನ ರೆಪ್ಪೆಗೆ ಹೋಗಿತ್ತು.

ಮೂರು ದಿನಕ್ಕೆ ಪಾರಮ್ಮನ ಕಣ್ಣು ಊದಿಕೊಂಡಿತು. ಆಪರೇಷನ್ನಿನ ಗಾಯ ಇನ್ನೂ ಹಸಿಯಿತ್ತು, ಸೋಂಕು ಒಳಕ್ಕಿಳಿದಿತ್ತು. ಕೊಪ್ಪಳದ ಡಾಕ್ಟರು ಆದಷ್ಟು ಮಾಡಿ ಕಳಿಸಿದರು. ಬೆಳಕು ಕತ್ತಲೆ ತಿಳಿದೀತು, ಸೂಜಿಯ ಕಣ್ಣು ಮಾತ್ರ ಇನ್ನು ಕಾಣಲಾರದು ಅಂದರು.

ಈಗ ಎಲ್ಲರ ತಲೆದಿಂಬಿನ ಹತ್ತಿರ ಅವರವರದೇ ಡಬ್ಬಿಯಲ್ಲಿ ಅವರವರದೇ ವಿಭೂತಿ ತುಂಡು. ತಾವೇ ಹಚ್ಚಿಕೊಳ್ಳುತ್ತಾರೆ, ಡೊಂಕಾಗಿ. ಯಮನೂರಮ್ಮನಿಗೆ ಅಷ್ಟು ಕೆಲಸ ಕಡಿಮೆಯಾಯಿತು, ದಣಿವು ಮಾತ್ರ ಇಮ್ಮಡಿಯಾಯಿತು. ಕೊಪ್ಪಳದಿಂದ ಬಂದ ಮೇಲೆ ಪಾರಮ್ಮ ಬಾಯಿ ಬಿಟ್ಟಿರಲಿಲ್ಲ. ಐದನೆಯ ದಿನ ಕರೆದಳು.

"ನನಗ ನೀನ ಹಚ್ಚಬೇ. ನನ್ನ ಕೈ ಮೂಗಿಗೆ ಹೋಗತೈತಿ."

ಯಮನೂರಮ್ಮ ತಡೆಯಲಾರದೆ ಅಂದೇಬಿಟ್ಟಳು: "ಯವ್ವಾ, ನಿನ್ನ ಕಣ್ಣ ಹಾಳ ಮಾಡಿದ್ದು ಈ ಕೈನ."

"ಗೊತ್ತೈತಿ. ಅವತ್ತ ಸಿಸ್ಟರ್ ಹೇಳಿದ್ದು ಕೇಳೀನಿ. ನಂದು ಹೋಗಿದ್ದು ಕಣ್ಣು, ಕಿವಿ ಅಲ್ಲ."

"ಸಿಟ್ಟ ಬಂದಿಲ್ಲೇನಬೇ?"

"ಬಂದೈತಿ. ಭಾಳ ಬಂದೈತಿ. ತಾ ಇಲ್ಲೆ ಕೈ."

ಪಾರಮ್ಮ ಆ ಬಿರಿದ ಕೈಯನ್ನು ಹಿಡಿದು ಮೂಗಿನ ಹತ್ತಿರ ತಂದಳು. ಮೂಸಿದಳು.

"ಇನ್ನೊಮ್ಮೆ ತೊಳಕೊಂಡ ಬಾ."

ಯಮನೂರಮ್ಮ ನಲ್ಲಿಗೆ ಹೋಗಿ, ಉರಿಯುವ ಕೈಗೆ ಸೋಪು ಹಚ್ಚಿ, ಸಂದಿ ಸಂದಿ ಉಜ್ಜಿ ತೊಳೆದು ಬಂದಳು. ಪಾರಮ್ಮ ಕಣ್ಣು ಮುಚ್ಚಿ, ಮುಖ ಒಡ್ಡಿಕೊಂಡು ಕೂತಿದ್ದಳು.