ಡೆಲ್ಬರ್ಟನ ನಾಲ್ಕು ಅಲಗಿನ ಮೊನೆ

ಡೆಲ್ಬರ್ಟ್ ಪ್ರೊಹಾಸ್ಕನ ಎಡ ಮುಂಗೈಯಲ್ಲಿ ಹತ್ತು ವರ್ಷ ಒಂದು ಕೂದಲೂ ನಿಲ್ಲಲಿಲ್ಲ. ವಿಸ್ಕಾನ್ಸಿನ್ನಿನ ನಮ್ಮ ಬಿಲ್ಲುಗಾರರ ಸಂಘಕ್ಕೆ ಹೊಸಬರು ಯಾರೇ ಬರಲಿ, ಅವನು ಅಂಗಿಯ ತೋಳು ಮಡಚಿ, ಜೇಬಿನಿಂದ ಒಂದು ಬಾಣದ ಮೊನೆ ತೆಗೆದು, ಕೈ ಬೋಳಿಸಿ ತೋರಿಸುತ್ತಿದ್ದ. ಚರ್ಮದ ಪಟ್ಟಿಗೆ ತೀಡಿ ತೀಡಿ ಇಟ್ಟುಕೊಂಡದ್ದು ಆ ಒಂದನ್ನೇ. ಬತ್ತಳಿಕೆಯಲ್ಲಿದ್ದ ಉಳಿದವು ಅಂಗಡಿಯ ಡಬ್ಬಿಯಿಂದ ಹೇಗೆ ಬಂದಿದ್ದವೋ ಹಾಗೇ ಇದ್ದವು. ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುವ ಮನುಷ್ಯ, ಬೇಟೆಯ ಮಾತು ಬಂದರೆ ಮಹಾಪಂಡಿತ. ಮೂವತ್ತು ವರ್ಷ ಅವನ ಪಕ್ಕದಲ್ಲೇ ನಿಂತು ಬಣ್ಣ ಮಾರಿದ ನನಗೆ ಆ ಪಾಂಡಿತ್ಯದ ಆಳ ಗೊತ್ತು.

ಆ ವರ್ಷ ಅವನು ನಾಲ್ಕು ಅಲಗಿನ, ನೋಡಿದರೇ ಹೆದರಿಕೆಯಾಗುವಷ್ಟು ಅಗಲದ ಮೊನೆಗಳನ್ನು ಕೊಂಡ. ಸಂಘದ ಮೇಜಿನ ಮೇಲೆ ಹರಡಿಟ್ಟು, "ಇದು ಹೊಕ್ಕರೆ ಜಿಂಕೆ ಎರಡು ಹೆಜ್ಜೆ ಇಡಲ್ಲ, ನೋಡ್ತಿರಿ" ಅಂದ.

ಇರ್ಮಾ ಥೋರ್ಸನ್ ಅಲ್ಲೇ ಕೂತಿದ್ದರು. ಎಪ್ಪತ್ತೆರಡು ವರ್ಷದವರು, ಮರದ ಮಿಲ್ಲಿನಲ್ಲಿ ಗರಗಸಗಳಿಗೆ ಸಾಣೆ ಹಿಡಿದೇ ಆಯುಷ್ಯ ಕಳೆದವರು.

"ನಿನ್ನ ಬಿಲ್ಲಿನ ಎಳೆತ ಎಷ್ಟಪ್ಪ?"

"ನಲವತ್ತೆರಡು ಪೌಂಡು."

"ಅಷ್ಟು ಮೆತ್ತನೆ ಬಿಲ್ಲಿಗೆ ಇದು ಅರ್ಧಕ್ಕೇ ನಿಂತುಬಿಡುತ್ತೆ. ಕಿರಿದಾದ ಎರಡಲಗಿನದು ತಗೋ. ಮೊದಲು ಅರದಲ್ಲಿ ಉಜ್ಜು, ಆಮೇಲೆ ಸಾಣೆಕಲ್ಲಿಗೆ ಹಿಡಿ."

"ಇದನ್ನ ಫ್ಯಾಕ್ಟರಿಯಲ್ಲೇ ಹರಿತ ಮಾಡಿದಾರೆ, ಇರ್ಮಾ."

ಇರ್ಮಾ ಒಂದು ರಬ್ಬರ್ ಬ್ಯಾಂಡನ್ನು ಎರಡು ಬೆರಳಿಗೆ ಸಡಿಲವಾಗಿ ಸಿಕ್ಕಿಸಿ, ಅವನ ಮೊನೆಯ ಅಂಚಿಗೆ ತಾಗಿಸಿದರು. ಅದು ಬಾಗಿ ಪಕ್ಕಕ್ಕೆ ಜಾರಿತು. ಆಮೇಲೆ ತಮ್ಮ ಬಾಣದ ಮೊನೆಗೆ ತಾಗಿಸಿದರು. ತುಂಡಾಗಿ ಬಿತ್ತು.

"ಒಳಗಿರೋ ರಕ್ತನಾಳಾನೂ ಹಿಂಗೇ ಜಾರ್ಕೊಳ್ಳುತ್ತೆ."

"ನಾನು ಹೊಡಿಯೋದು ಜಿಂಕೆ, ರಬ್ಬರ್ ಬ್ಯಾಂಡಲ್ಲ" ಅಂದ ಡೆಲ್ಬರ್ಟ್. ನಾಲ್ಕು ಜನ ನಕ್ಕರು. ಅವನಿಗೆ ಅಷ್ಟೇ ಬೇಕಿತ್ತು.

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ, ಹದಿನೈದು ಹೆಜ್ಜೆ ದೂರದಲ್ಲಿ ನಿಂತ ಹೆಣ್ಣು ಜಿಂಕೆಗೆ ಅವನು ಬಾಣ ಬಿಟ್ಟ. ಹಳ್ಳದ ಈಚೆ ದಡದ ಮರದಲ್ಲಿ ಕೂತು ನಾನು ನೋಡಿದೆ. ಅರ್ಧ ಬಾಣ ಹೊರಗೇ ಉಳಿದಿತ್ತು. ಜಿಂಕೆ ಅದನ್ನು ಹೊತ್ತುಕೊಂಡೇ ಓಡಿತು. ಡೆಲ್ಬರ್ಟ್ ಇಪ್ಪತ್ತು ನಿಮಿಷ ಎಲೆ ಕೆದಕಿದ. ನಾನು ಇಳಿದು ಹೋದರೆ, "ಬಾಣ ಹುಲ್ಲಿಗೆ ತಾಗಿ ಪಕ್ಕಕ್ಕೆ ಹೋಯ್ತು" ಅಂದ. ನಾನು ಕಂಡದ್ದನ್ನು ಹೇಳಿದರೂ ಕಿವಿಗೆ ಹಾಕಿಕೊಳ್ಳದೆ ಗಾಡಿ ಹತ್ತಿ ಹೋದ.

ನಾನು ಇರ್ಮಾ ಅವರನ್ನು ಕರೆತಂದೆ. ಸಾಸಿವೆಯಷ್ಟು ರಕ್ತದ ಚುಕ್ಕೆ, ಅದೂ ಹತ್ತು ಮಾರಿಗೊಂದು. ಜೋಳದ ಹೊಲ ದಾಟಿ, ಕೆಸರಿನಲ್ಲಿ ನಾಲ್ಕು ಗಂಟೆ ನಡೆದೆವು. ಜೊಂಡಿನ ನಡುವೆ ಅದು ಮಲಗಿತ್ತು, ತಲೆ ಎತ್ತಿ ನಮ್ಮನ್ನೇ ನೋಡುತ್ತಿತ್ತು. ಇರ್ಮಾ ಒಂದೇ ಬಾಣಕ್ಕೆ ಮುಗಿಸಿದರು. ಆ ವರ್ಷಕ್ಕೆ ತಮಗಿದ್ದ ಒಂದೇ ಪರವಾನಗಿ ಚೀಟಿಯನ್ನು ಅದರ ಕಾಲಿಗೆ ಕಟ್ಟಿದರು.

"ನಿಮ್ಮ ಈ ವರ್ಷದ ಬೇಟೆ ಮುಗಿದೇ ಹೋಯ್ತಲ್ಲ" ಅಂದೆ.

"ಇದು ಇಷ್ಟು ಹೊತ್ತು ಒದ್ದಾಡಿತಲ್ಲ, ಅದನ್ನ ಹೇಳು."

ಮುಂದಿನ ವಾರ ಸಂಘದ ಊಟದಲ್ಲಿ ಡೆಲ್ಬರ್ಟ್ ಎದ್ದು ನಿಂತ. ಜಿಂಕೆ ಸಿಕ್ಕ ಸುದ್ದಿ ಅವನಿಗೂ ಮುಟ್ಟಿತ್ತು. ಜಾಡು ಹಿಡಿದು ಇರ್ಮಾಗೆ ದಾರಿ ತೋರಿಸಿದ್ದೇ ತಾನು, ಮೊಣಕಾಲುದ್ದದ ಕೆಸರಿನಲ್ಲಿ ಮಧ್ಯಾಹ್ನದವರೆಗೆ ಅಲೆದೆ ಎಂದು ಕೊರೆಯತೊಡಗಿದ. ಇರ್ಮಾ ಆಲೂಗಡ್ಡೆ ತಿನ್ನುತ್ತಿದ್ದರು. ಅವನ ಹೆಂಡತಿ ವರ್ನಾ ಸೇಬಿನ ಪೈ ಕೊಯ್ಯುತ್ತಿದ್ದವಳು ತಲೆ ಎತ್ತದೆ ಕೇಳಿದಳು: "ಯಾವ ಶನಿವಾರ? ಹತ್ತು ಗಂಟೆಗೆಲ್ಲ ಮನೇಲಿದ್ದೆಯಲ್ಲ. ಫುಟ್‌ಬಾಲ್ ಟೀವೀಲಿ ಹಾಕ್ಕೊಂಡು ಸೋಫಾದಲ್ಲಿ ಗೊರಕೆ ಹೊಡೀತಿದ್ದೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನು ಹೇಗೋ ತಪ್ಪಿಸಿಕೊಳ್ಳುತ್ತಿದ್ದ.

ಮರುವರ್ಷದ ಆಗಸ್ಟಿನಲ್ಲಿ ಸಂಘದವರು ಸಾಣೆಯ ಪಾಠವನ್ನು ಇರ್ಮಾಗೆ ಒಪ್ಪಿಸಿದರು. ಅವರು ಭಾಷಣ ಮಾಡಲಿಲ್ಲ, ಒಬ್ಬೊಬ್ಬರ ಕೈಗೆ ಒಂದು ಅರ ಕೊಟ್ಟರು. ಡೆಲ್ಬರ್ಟನೂ ಬಂದ. ಎರಡು ಗಂಟೆ ಒಂದೇ ಮೊನೆ ಉಜ್ಜಿದ. ತೋರಿಸಿದಾಗಲೆಲ್ಲ ಇರ್ಮಾ "ಇನ್ನೊಂದ್ಸಲ" ಅಂದರು.

ಆ ಶರತ್ಕಾಲದಲ್ಲಿ ಅವನು ಕಾಡಿಗೆ ಹೋಗಲಿಲ್ಲ. ಕೇಳಿದರೆ, "ಇನ್ನೂ ಹರಿತ ಬಂದಿಲ್ಲ" ಅಂದ. ಮೂವತ್ತು ವರ್ಷದಲ್ಲಿ ಅವನ ಬಾಯಿಂದ ನಾನು ಕೇಳಿದ ಮೊದಲ ಪ್ರಾಮಾಣಿಕ ಮಾತು ಅದು. ಹಾಗೆಂದು ಮನುಷ್ಯ ಬದಲಾದ ಎಂದುಕೊಳ್ಳಬೇಡಿ. ಅರವನ್ನು ಯಾವ ಕೋನದಲ್ಲಿ ಹಿಡಿಯಬೇಕು ಎಂದು ಈಗ ಮೊಳೆ ಕೊಳ್ಳಲು ಬಂದವರಿಗೆಲ್ಲ ಉಪದೇಶ ಮಾಡುತ್ತಿದ್ದಾನೆ.